ಹಾಲಲ್ಲಿ ಒರೆಸಿದ ಬಂಡೆಗುಲಾಬಿ

ದೋನ್ಯಾ ಪೆತ್ರಾ ಹಾಕಿದ ಕೂಗಿಗೆ ಗೂಡಿನ ಕೋಳಿಗಳೆಲ್ಲ ಒಮ್ಮೆಗೇ ರೆಕ್ಕೆ ಬಡಿದುಕೊಂಡವು. ಹಬ್ಬಕ್ಕೆ ತಮಾಲೆ ಎಂಬ ಜೋಳದ ಕಡುಬು ಬೇಯಿಸುವ ದೊಡ್ಡ ಪಾತ್ರೆ ಕೇಳಿಕೊಂಡು ಹೋಗಲು ಬಂದ ಪಕ್ಕದ ಮನೆಯಾಕೆ ಅವಳು. ಪಾತ್ರೆ ಮರೆತಳು, ಹಬ್ಬ ಮರೆತಳು, ಅಂಗಳದ ನಡುವೆ ಎರಡೂ ಕೈ ತಲೆಯ ಮೇಲೆ ಹೊತ್ತು ನಿಂತಳು.

"ಅಯ್ಯೋ ದೇವಮಾತೆ! ಏನ್ ಮಾಡಿಬಿಟ್ಟೆ ಹುಡುಗಿ?"

ಇಸೌರಾ ಬೆಚ್ಚಿ ತಿರುಗಿದಳು. ಅವಳ ಒಂದು ಕೈಯಲ್ಲಿ ಹಾಲಿನ ಬಟ್ಟಲು, ಇನ್ನೊಂದರಲ್ಲಿ ಗಂಡನ ಹಳೆಯ ಅಂಗಿಯ ಚೂರು. ಎರಡು ದಿನ ಪಟ್ಟಾಗಿ ಕೂತು ಗೋಡೆಯ ಮೇಲಿದ್ದ ಅತ್ತೆಯ ಹದಿನೆಂಟು ಬಂಡೆಗುಲಾಬಿಗಳನ್ನೂ ಒಂದೆಲೆ ಬಿಡದೆ ಒರೆಸಿದ್ದಳು. ಗೋಡೆಯ ಮೇಲೆ ಸಾಲಾಗಿ ಇಟ್ಟ ಮೆಣಸಿನಕಾಯಿ ಡಬ್ಬಗಳಲ್ಲಿ, ದಪ್ಪ ದಪ್ಪ ಎಲೆಗಳನ್ನು ಸುತ್ತಲೂ ಬಿಚ್ಚಿಕೊಂಡು ಕೂತ ಗಿಡಗಳು ಎಣ್ಣೆ ಹಚ್ಚಿದ ಹಾಗೆ ಹಸಿರಾಗಿ ಮಿರಮಿರ ಮಿಂಚುತ್ತಿದ್ದವು. ಈ ಮನೆಗೆ ಬಂದ ಮೇಲೆ ತಾನು ಮಾಡಿದ ಕೆಲಸಗಳಲ್ಲೆಲ್ಲ ಇದೇ ಚೆನ್ನಾಗಿ ಆದದ್ದು ಎಂದು ಅವಳು ಈಗಷ್ಟೇ ಅಂದುಕೊಂಡಿದ್ದಳು.

"ಧೂಳು ಒರೆಸಿದೆ ದೋನ್ಯಾ ಪೆತ್ರಾ. ಹಬ್ಬ ಅಲ್ವಾ? ಎಷ್ಟು ಬೆಳ್ಳಗೆ ಮೆತ್ಕೊಂಡಿತ್ತು ಅಂತೀರಿ!"

"ಧೂಳಾ?" ಎಂದಳು ಪೆತ್ರಾ. "ಅದು ಧೂಳಲ್ಲ ಕಣೇ ಮಾರಾಯ್ತಿ. ಅದು ಗಿಡದ್ದೇ ಬಿಳುಪು. ಬೂದುಗುಂಬಳದ ಮೈ ಮೇಲಿರಲ್ವಾ, ಹಾಗೆ. ಒಂದ್ಸಲ ಒರೆಸಿದ್ರೆ ಮುಗೀತು, ಆ ಎಲೆ ಉದುರಿ ಹೋಗೋವರೆಗೂ ಮತ್ತೆ ಬರಲ್ಲ. ಇಲ್ಲಿ ನಡೆಯಕ್ಕೆ ಬರದ ಕೂಸು ಕೂಡ ಅದಕ್ಕೆ ಬೆರಳು ತಾಗಿಸಲ್ಲ!"

ಇಸೌರಾಳ ಕೈಯ ಬಟ್ಟಲು ಓರೆಯಾಗಿ ಹಾಲು ಪಾದದ ಮೇಲೆ ಚೆಲ್ಲಿದ್ದು ಅವಳಿಗೆ ಗೊತ್ತಾಗಲಿಲ್ಲ.

ಅವಳದ್ದಾದರೂ ಏನು ತಪ್ಪು? ಅವಳು ಹುಟ್ಟಿ ಬೆಳೆದದ್ದು ವೆರಾಕ್ರೂಸ್ ಕಡೆಯ ನದೀತೀರದಲ್ಲಿ. ಅಲ್ಲಿ ಒಂದೊಂದು ಎಲೆಯೂ ಮೊರದಷ್ಟು ಅಗಲ, ಹಬ್ಬದ ಹಿಂದಿನ ದಿನ ಹೆಣ್ಣುಮಕ್ಕಳೆಲ್ಲ ಕೂತು ಅವನ್ನು ಹಾಲಲ್ಲಿ ಒರೆಸಿ ಫಳಫಳ ಮಾಡುವುದೇ ಒಂದು ಸಂಭ್ರಮ. ಈ ಒಣ ಕಣಿವೆಯ ಸಾಂತಾ ಪ್ರಿಸ್ಕಾಕ್ಕೆ ಅವಳು ಸೊಸೆಯಾಗಿ ಬಂದು ಎಂಟು ತಿಂಗಳಾಗಿತ್ತು. ಅತ್ತೆ ದೋನ್ಯಾ ಎರ್ಮಿಲಾ ಒಂದು ದಿನ ಬೈದವಳಲ್ಲ, ಒಂದು ದಿನ ನಕ್ಕವಳೂ ಅಲ್ಲ. ಇಸೌರಾ ಅಂಗಳಕ್ಕೆ ಕಾಲಿಟ್ಟಳೆಂದರೆ ಸಾಕು, ಗೋಡೆಯ ಸಾಲು ಬಿಟ್ಟು ಅಡುಗೆಮನೆಯ ಹೊಸ್ತಿಲ ಬಳಿ ಇದ್ದ ಒಂಟಿ ಬಂಡೆಗುಲಾಬಿಯ ಚಿಕ್ಕ ಡಬ್ಬವನ್ನು ಇನ್ನಷ್ಟು ಅಂಚಿಗೆ ಸರಿಸಿ, ಬೆನ್ನು ತಿರುಗಿಸಿ ಗೋಡೆ ನೋಡುತ್ತ ನಿಲ್ಲುತ್ತಿದ್ದಳು. ಮುಖ ನೋಡಲೂ ಬೇಡವಾದೆನೇ ಎಂದು ಇಸೌರಾ ಎಷ್ಟೋ ಸಲ ದಿಂಬಿಗೆ ಮುಖ ಒತ್ತಿ ಅತ್ತಿದ್ದುಂಟು. ಇಂಥ ಅತ್ತೆ ಮೂರು ದಿನದ ಹಿಂದೆ ತೆಹುವಾಕಾನಿಗೆ ಹೊರಟಾಗ ಮೊದಲ ಬಾರಿಗೆ ಅವಳೊಡನೆ ಗಿಡಗಳ ಮಾತೆತ್ತಿದ್ದಳು. "ನೀರು ಹಾಕ್ಬೇಡ. ಕೋಳಿ ಹತ್ತದ ಹಾಗೆ ನೋಡ್ಕೋ," ಎಂದಿದ್ದಳು, ಅಷ್ಟೆ. ಸಾಂತಾ ಪ್ರಿಸ್ಕಾದ ಹೆಂಗಸರಿಗೆ ಇದೊಂದು ರೋಗ. ಹೇಳಬೇಕಾದದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತಾರೆ.

"ಇವತ್ತು ಸಂಜೆ ಬಾಲಯೇಸುವಿನ ಗೋದಲಿ ಕಟ್ಟೋದಲ್ವೇನೇ!" ಪೆತ್ರಾ ಬಾವಿಕಟ್ಟೆಯ ಮೇಲೆ ಕುಸಿದು ಸೆರಗಿನಂತೆ ಹೊದ್ದ ಶಾಲಿನಿಂದ ಗಾಳಿ ಬೀಸಿಕೊಂಡಳು. "ನಿನ್ನತ್ತೆ ಹದಿನಾಲ್ಕು ವರ್ಷ ಕಾದಿದ್ದಾಳೆ, ಹದಿನಾಲ್ಕು!"

ಅದೂ ನಿಜವೇ. ಊರ ಬಾಲಯೇಸುವಿನ ಮೂರ್ತಿಗೆ ವರ್ಷಕ್ಕೊಬ್ಬಳು ಸಾಕುತಾಯಿ, ಆ ವರ್ಷದ ಗೋದಲಿ ಅವಳ ಮನೆಯಲ್ಲೇ. ಈ ವರ್ಷದ ಸರದಿ ಎರ್ಮಿಲಾಳದು. ಮೂರ್ತಿಯ ಮುರಿದ ಕಿರುಬೆರಳು ಸರಿಮಾಡಿಸಿ ತರಲೆಂದೇ ಅವಳು ತೆಹುವಾಕಾನಿಗೆ ಹೋದದ್ದು. ಬೇರೆಯವರೆಲ್ಲ ಗೋದಲಿಯ ಸುತ್ತ ಹತ್ತಿ ಹರಡಿ ಹಿಮವೆನ್ನುತ್ತಿದ್ದರು. ನನ್ನ ಸರದಿ ಬರಲಿ, ನಿಜವಾದ ಹಿಮ ತೋರಿಸುತ್ತೇನೆ ಎಂದು ಎರ್ಮಿಲಾ ಊರಿಗೆಲ್ಲ ಸಾರಿದ್ದಳು. ಹಾಲಿನಷ್ಟು ಬೆಳ್ಳಗಿನ ಈ ಬಂಡೆಗುಲಾಬಿಗಳು ಮೊದಲು ನದಿಯ ಮೇಲಿನ ಕಡಿದಾದ ಬಂಡೆಯಲ್ಲಿದ್ದವು. ರಸ್ತೆಗೆಂದು ಬಂಡೆ ಒಡೆದ ವರ್ಷ ಉರುಳಿದ ಕಲ್ಲುಗಳ ಸಂದಿಯಿಂದ ಎರ್ಮಿಲಾ ಮೂರೇ ಮೂರು ಗಿಡ ಎತ್ತಿ ತಂದಳು. ಒಂದೊಂದೇ ಎಲೆ ಬಿಡಿಸಿ, ಒಣಮಣ್ಣಿನ ಮೇಲೆ ಮಲಗಿಸಿ, ಹುಟ್ಟಿದ ಮರಿಗಳನ್ನು ಸಾಕಿ ಗೋಡೆಯ ತುಂಬ ಹದಿನೆಂಟು ಮಾಡಿದಳು. ಲೋಕದಲ್ಲಿ ಉಳಿದಿರುವುದು ತನ್ನ ಅಂಗಳದವು ಮಾತ್ರ ಎಂದು ಅವಳ ನಂಬಿಕೆ.

"ಬಸ್ಸು ನಾಲ್ಕಕ್ಕೆ," ಎಂದಳು ಇಸೌರಾ. "ನಾನು ಅಷ್ಟರೊಳಗೆ ಹೋಗಿಬಿಡ್ಲಾ ದೋನ್ಯಾ ಪೆತ್ರಾ, ನಮ್ಮಮ್ಮನ ಮನೆಗೆ?"

ಪೆತ್ರಾಳ ಮುಖದಲ್ಲಿ ಏನೋ ಹಗ್ಗಜಗ್ಗಾಟ ನಡೆದಿತ್ತು. ಎದ್ದಳು, ಕೂತಳು, ಮತ್ತೆ ಎದ್ದಳು. "ಬಾಗಿಲು ಹಾಕ್ಕೊಂಡಿರು. ಯಾರ ಹತ್ರಾನೂ ಬಾಯಿ ಬಿಡ್ಬೇಡ," ಎಂದು ಗೊಣಗಿ ಹೊರಟುಹೋದಳು.

ಮರಳಿ ಬಂದಾಗ ಅವಳ ಶಾಲಿನ ಕೆಳಗೆ ಏನೋ ಉಬ್ಬಿತ್ತು. ಶಾಲು ಸರಿಸಿದಳು. ನಾಲ್ಕು ಬಂಡೆಗುಲಾಬಿಗಳು! ಬೆಳ್ಳಗೆ, ಬೆರಳ ಗುರುತೂ ಇಲ್ಲದೆ, ಅತ್ತೆಯವಕ್ಕಿಂತಲೂ ಒಂದು ಸುತ್ತು ದೊಡ್ಡವು.

"ಇವು ಎಲ್ಲಿಂದ?"

"ಎಲ್ಲಿಂದ ಅಂದ್ರೆ? ನಮ್ಮ ಮಾಳಿಗೆಯಿಂದ."

"ಮತ್ತೆ... ಅತ್ತೆ ನಿಮ್ಮನ್ನ ಕೇಳ್ದಾಗ ಕಾಂದೆಲಾರಿಯಾ ಮಾತೆ ಮೇಲೆ ಆಣೆ ಹಾಕಿದ್ರಿ! ಒಂದೆಲೆನೂ ಮುಟ್ಟಿಲ್ಲ ಅಂತ!"

"ಆಣೆ ಹಾಕ್ದೆ, ಏನ್ ಮಾಡ್ಲಿ?" ಪೆತ್ರಾಳ ಕೆನ್ನೆ ಕೆಂಪಾಯಿತು. "ಕೇಳಿ ತಂದ ಗಿಡ ಬೇರು ಬಿಡತ್ತಾ? ಕೊಟ್ಟದ್ದು ಕೊಳೆತು ಹೋಗತ್ತೆ, ಕದ್ದದ್ದು ಹತ್ಕೊಳ್ಳತ್ತೆ. ಇದು ನಮ್ಮಜ್ಜಿ ಕಾಲದಿಂದ ಇರೋದು. ಹಿಡ್ಕೋ, ಬುಡದಿಂದ ಹಿಡ್ಕೋ, ಕೂಸಿನ ಕತ್ತಿಗೆ ಕೈ ಕೊಡೋ ಹಾಗೆ. ಎಲೆಗೆ ಕೈ ತಾಗಿಸ್ದೆ ಅಂದ್ರೆ ನಾನೇ ನಿನ್ನ ಕೊಂದ್ಹಾಕ್ತೀನಿ!"

ಆದರೆ ನಾಲ್ಕರಿಂದ ಹದಿನೆಂಟು ಆದೀತೇ? ಪೆತ್ರಾ ಹಿತ್ತಿಲ ಬಾಗಿಲಿಂದ ಎರಡು ಮನೆಗೆ ಸುದ್ದಿ ಮುಟ್ಟಿಸಿದಳು, ಆ ಎರಡು ಮನೆಗಳು ಉಳಿದವಕ್ಕೆ. ಎದುರು ಮನೆಯ ದರ್ಜಿ ದೋನ್ ಅಬುಂದಿಯೋ ಟೋಪಿಯಲ್ಲಿ ಮುಚ್ಚಿಕೊಂಡು ಎರಡು ತಂದ. ಅಂಗಳದಲ್ಲಿ ಪೆತ್ರಾಳನ್ನು ಕಂಡು ಹೌಹಾರಿದ.

"ನೀವೂನಾ ದೋನ್ಯಾ ಪೆತ್ರಾ? ಪ್ರತಿ ಭಾನುವಾರ ಪ್ರಸಾದ ತಗೋಳೋರು!"

"ನೀನೇನು ದೊಡ್ಡ ಸಂತ! ಅಳತೆ ತಗೋತೀನಿ ಅಂತ ಈ ಮನೆಗೆ ಬಂದಾಗೆಲ್ಲ ಏನ್ ಅಳೀತಿದ್ದೆ ಅಂತ ಈಗ ಗೊತ್ತಾಯ್ತು ಬಿಡು."

ಹೀಗೆ ಬಂದವರೆಲ್ಲ ಒಬ್ಬರನ್ನೊಬ್ಬರು ನೋಡಿ ಬಾಯಿಯ ಮೇಲೆ ಕೈಯಿಟ್ಟರು. ಆ ಬೀದಿಯಲ್ಲಿ ಎರ್ಮಿಲಾಳ ಗೋಡೆಗೆ ಕೈ ಹಾಕದ ಮನೆಯೇ ಇರಲಿಲ್ಲ! ತಾನೊಬ್ಬನೇ ಕಳ್ಳನೆಂದು ಪ್ರತಿಯೊಬ್ಬರೂ ಇಷ್ಟು ವರ್ಷ ಪಾಪ ಹೊತ್ತು ತಿರುಗಿದ್ದರು. ಹಸಿರಾದ ಗಿಡಗಳನ್ನು ಕಿತ್ತು ಬುಟ್ಟಿಗೆ ತುಂಬಿ ಕೋಳಿಗೂಡಿನ ಹಿಂದೆ ಬಚ್ಚಿಟ್ಟರು. ಮಣ್ಣಿಗೆ ಕೆಂಪು ಕಲ್ಲುಪುಡಿ ಬೆರೆಸಿ ಬಿಳಿಯವನ್ನು ಡಬ್ಬಗಳಲ್ಲಿ ಕೂರಿಸಿದರು. ಮತ್ತೆ ಎಲೆಗೆ ಬೆರಳು ತಾಗಿಸಿಯಾಳೆಂದು ಇಸೌರಾಳಿಗೆ ಮಣ್ಣು ಕಲಸುವ ಕೆಲಸ ಮಾತ್ರ ಕೊಟ್ಟರು.

ಎರ್ಮಿಲಾ ಬಂದಾಗ ನಾಲ್ಕೂವರೆ. ಎದೆಗೆ ಒತ್ತಿ ಹಿಡಿದ ಪೆಟ್ಟಿಗೆಯಲ್ಲಿ ಬಾಲಯೇಸು. ಅದನ್ನು ಮೇಜಿನ ಮೇಲಿಟ್ಟವಳೇ ನೀರೂ ಕುಡಿಯದೆ ಗೋಡೆಯ ಹತ್ತಿರ ಹೋದಳು. ಅಂಗಳದಲ್ಲಿ ನೆರೆಹೊರೆಯವರೆಲ್ಲ ತಮಾಲೆ ಸುತ್ತಲು ಜೋಳದ ಎಲೆ ಬಿಡಿಸುವ ನೆಪದಲ್ಲಿ ಕೂತಿದ್ದರು.

ಎರ್ಮಿಲಾ ಮೊದಲ ಡಬ್ಬ ನೋಡಿದಳು. ಎರಡನೆಯದನ್ನು ನೋಡಿದಳು. ಮೂರನೆಯದರ ಮುಂದೆ ಬಗ್ಗಿದವಳು ಹಾಗೇ ನಿಂತುಬಿಟ್ಟಳು.

"ಇದಕ್ಕೆ ಕೋಳಿ ಕುಕ್ಕಿದ ಗುರುತಿತ್ತು," ಎಂದಳು. "ಇವು ಯಾರ ಮಕ್ಕಳು? ನನ್ನವೆಲ್ಲಿ?"

"ಅಯ್ಯೋ ಕೊಮಾದ್ರೆ, ನನ್ನ ಗೆಳತಿ, ಮೂರು ದಿನ ಬಿಟ್ಟು ನೋಡಿದ್ರೆ ಹಾಗೇ ಅನ್ಸೋದು," ಎಂದು ಪೆತ್ರಾ ಶುರುಮಾಡಿದಳು. "ಪ್ರಯಾಣದ ಆಯಾಸ. ಒಂದು ಲೋಟ ಬಿಸಿಯಾಗಿ..."

"ನಾನು ಒರೆಸಿಬಿಟ್ಟೆ ಅತ್ತೆ."

ಪೆತ್ರಾ ಕಣ್ಣು ಮುಚ್ಚಿಕೊಂಡಳು. ಇಸೌರಾಳಿಗೆ ತನ್ನ ದನಿ ಬೇರೆ ಯಾರದೋ ಅನ್ನಿಸಿತು. ಇಷ್ಟು ಜನ ಅವಳಿಗಾಗಿ ಸುಳ್ಳು ಹೇಳಲು ಕೂತಿದ್ದರು, ಆದರೆ ಮಗು ಕಳೆದವಳಂತೆ ಹುಡುಕುತ್ತಿದ್ದ ಆ ಕಣ್ಣುಗಳನ್ನು ನೋಡಿ ಸುಮ್ಮನಿರಲು ಅವಳಿಂದಾಗಲಿಲ್ಲ. ಗೂಡಿನ ಹಿಂದೆ ಹೋಗಿ ಬುಟ್ಟಿ ತಂದಳು. ಅತ್ತೆಯ ಕಾಲ ಬಳಿ ಇಟ್ಟಳು. "ಧೂಳು ಅಂದ್ಕೊಂಡೆ. ಹಾಲಲ್ಲಿ ಒರೆಸಿದೆ. ಎಲ್ಲಾನೂ."

ಎರ್ಮಿಲಾ ಬಗ್ಗಿ ಒಂದು ಹಸಿರು ಗಿಡ ಎತ್ತಿಕೊಂಡು ಹೆಬ್ಬೆರಳಿಂದ ಎಲೆ ಸವರಿದಳು. ಎಷ್ಟೋ ವರ್ಷದಿಂದ ಬುಡ ಬಿಟ್ಟು ಮೈ ಮುಟ್ಟದೆ ಕಾಪಾಡಿದ ಎಲೆಯನ್ನು ಮೊದಲ ಬಾರಿ ಮುಟ್ಟಿದ್ದಳು. ಆಮೇಲೆ ಏನೋ ಹೊಳೆದವಳಂತೆ ತಟ್ಟನೆ ಗೋಡೆಯ ಕಡೆ ತಿರುಗಿದಳು.

"ಹಾಗಾದ್ರೆ ಇವು?"

ಅಂಗಳದ ತಲೆಗಳೆಲ್ಲ ಬಗ್ಗಿದವು. ದರ್ಜಿ ತನ್ನ ಟೋಪಿಯೊಳಗೆ ಏನೋ ಹುಡುಕತೊಡಗಿದ.

"ಪೆತ್ರಾ. ಕಾಂದೆಲಾರಿಯಾ ಮಾತೆ ಮೇಲೆ ಆಣೆ."

"ಮಾತೆ ಕ್ಷಮಿಸ್ತಾಳೆ ಕೊಮಾದ್ರೆ. ನಿನ್ನದೇ ನಂಗೆ ಭಯ."

"ಎಷ್ಟಿವೆ ನಿನ್ನ ಹತ್ರ?"

"ಈ ನಾಲ್ಕು ಬಿಟ್ಟು... ಸಣ್ಣ ಮರಿಗಳು ಒಂದು ಇಪ್ಪತ್ತು."

"ಇಪ್ಪತ್ತಾ!" ಎರ್ಮಿಲಾ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಇಷ್ಟು ವರ್ಷ ಎಲೆ ಮಾಯವಾದಾಗೆಲ್ಲ ಕೋಳಿಗಳನ್ನು ಶಪಿಸಿದ್ದಳು, ಓತಿಗಳಿಗೆ ಕಲ್ಲು ಹೊಡೆದಿದ್ದಳು. ತಾನು ಸತ್ತರೆ ಈ ಗಿಡದ ವಂಶವೂ ಸತ್ತಂತೆ ಎಂದು ಎದೆಗುದಿಯಲ್ಲಿ ಬದುಕಿದ್ದಳು. ಇಲ್ಲಿ ನೋಡಿದರೆ ಬೀದಿಯ ಮಾಳಿಗೆಗಳೆಲ್ಲ ಬೆಳ್ಳಗಿವೆ! ಸಿಟ್ಟು ಬಂತು, ಅದರ ಹಿಂದೆಯೇ ನಿರಾಳವೂ ಬಂತು. ಯಾವುದಕ್ಕೆ ಬಾಯಿ ಕೊಡುವುದೆಂದು ತಿಳಿಯದೆ ಎದ್ದು, "ಸುಮ್ನೆ ಕೂತಿದ್ದೀರಲ್ಲ, ಗೋದಲಿ ಕಟ್ಟೋರು ಯಾರು?" ಎಂದು ಗದರಿದಳು.

ಒಂದು ಗಳಿಗೆಯಲ್ಲಿ ಗೋದಲಿ ಎದ್ದಿತು. ಎರ್ಮಿಲಾ ಬಿಳಿಯವನ್ನು ಸುತ್ತ ದೂರದವರೆಗೆ ಹರಡಿದಳು. ಹಸಿರು ಮಿಂಚುವವನ್ನು ತಂದು ಬಾಲಯೇಸುವಿನ ಹುಲ್ಲುಹಾಸಿಗೆ ಒತ್ತಾಗಿ ಇಟ್ಟಳು. ಇದೇನು ಎಂದು ದರ್ಜಿ ಮೆಲ್ಲಗೆ ಕೇಳಿದ.

"ಮಗು ಉಸಿರಾಡ್ತಿಲ್ವಾ? ಹತ್ರದ ಹಿಮ ಕರಗಿದೆ. ಕಣ್ಣು ಕಾಣಲ್ವಾ ನಿಂಗೆ?"

ಆದರೆ ಇಸೌರಾಳೊಡನೆ ಅವಳು ಒಂದು ಮಾತೂ ಆಡಲಿಲ್ಲ. ಎಲ್ಲರೂ ಉಡುಪು ಬದಲಿಸಲು ಮನೆಗೆ ಹೋದರು. ಇಸೌರಾ ಕೋಣೆಗೆ ಹೋಗಿ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಲಾರಿ ಓಡಿಸಲು ಹೋದ ಗಂಡ ರುಫಿನೋ ಬಂದಮೇಲೆ ಏನು ಹೇಳುವುದೆಂದು ಅವಳಿಗೆ ತೋಚುತ್ತಿರಲಿಲ್ಲ. ತಲೆ ಎತ್ತಿದರೆ ಅತ್ತೆ ಬಾಗಿಲಲ್ಲಿದ್ದಳು, ಚೀಲವನ್ನೇ ನೋಡುತ್ತ.

"ನಂಗೊತ್ತಿತ್ತು," ಎಂದಳು ಎರ್ಮಿಲಾ. "ನೀನು ಉಳಿಯೋಳಲ್ಲ ಅಂತ ಮೊದಲ ವಾರಾನೇ ಗೊತ್ತಿತ್ತು."

"ಒರೆಸಿದ್ದು ನನ್ನ ತಪ್ಪು ಅತ್ತೆ. ಆದ್ರೆ ಉಳಿಯೋಳಲ್ಲ ಅಂತ ನಾನ್ಯಾವಾಗ..."

"ಎಂಟು ತಿಂಗಳು! ಎಂಟು ತಿಂಗಳಲ್ಲಿ ಒಂದೇ ಒಂದೆಲೆ ಕದ್ದೆಯಾ ನೀನು?"

ಇಸೌರಾ ಚೀಲ ಹಿಡಿದೇ ಎದ್ದು ನಿಂತಳು.

"ಈ ಊರಲ್ಲಿ ನೆಲೆ ನಿಲ್ಲೋ ಸೊಸೆ ಅತ್ತೆ ಗಿಡ ಕದೀತಾಳೆ. ನಾನು ಬಂದ ಮೂರನೇ ದಿನಾನೇ ನಮ್ಮತ್ತೆದು ಕದ್ದೆ. ನೀನು ಕದೀಲಿ ಅಂತ ಹೊಸ್ತಿಲ ಹತ್ರ ಆ ಡಬ್ಬ ಇಟ್ಟೆ. ದಿನಾ ಅಂಚಿಗೆ ಸರಿಸ್ದೆ. ದಿನಾ ಬೆನ್ನು ತಿರುಗಿಸಿ ಗೋಡೆ ನೋಡ್ತಾ ನಿಂತೆ, ನನ್ನ ಕತ್ತು ನೋವು ಬರೋವರೆಗೂ! ಬೀದೀಗೆ ಬೀದೀನೇ ಕದ್ದಿದೆ. ಕದೀಬೇಕಾದೋಳು ಮಾತ್ರ ಹಾಲು ಹಾಕಿ ಒರೆಸಿದ್ದಾಳೆ!"

ಇಸೌರಾಳ ಕೈಯಿಂದ ಚೀಲ ಜಾರಿತು. ಆ ಬೆನ್ನು! ಎಂಟು ತಿಂಗಳು ದಿಂಬು ತೋಯಿಸಿದ್ದು ಆ ಬೆನ್ನಿಗಾಗಿ! ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

"ನಮ್ಮಲ್ಲಿ ಕೇಳ್ದೆ ಮುಟ್ಟಿದ್ರೆ ಕೈ ಮುರೀತಾರೆ ಅತ್ತೆ," ಎಂದಳು.

ಎರ್ಮಿಲಾ ಅಂಗಳಕ್ಕೆ ನಡೆದಳು, ಹೊಸ್ತಿಲ ಬಳಿಯ ಚಿಕ್ಕ ಡಬ್ಬವನ್ನು ಅಂಚಿಗೆ ಸರಿಸಿದಳು, ಬೆನ್ನು ತಿರುಗಿಸಿದಳು. ಗೋಡೆಯ ಸಾಲಿನಲ್ಲಿ ಇಲ್ಲದ್ದರಿಂದ ಇಸೌರಾ ಒರೆಸಲು ಮರೆತದ್ದು ಅದೊಂದೇ ಡಬ್ಬ. ಅದರ ಗಿಡ ಇನ್ನೂ ಬೆಳ್ಳಗಿತ್ತು.

"ನಾನು ಗೋಡೆ ನೋಡ್ತಾ ಇದ್ದೀನಿ," ಎಂದಳು ಎರ್ಮಿಲಾ.

ಹಿಂದೆಯೇ ಬಂದ ಇಸೌರಾ ಬಗ್ಗಿದಳು. ಅತ್ತ ಇತ್ತ ನೋಡಿ, ಜೀವಮಾನದ ಮೊದಲ ಕಳ್ಳತನ ಮಾಡುವವಳಂತೆ ಎಲೆ ಹಿಡಿದಳು.

"ಎಳೀಬೇಡ, ಪಕ್ಕಕ್ಕೆ ವಾಲಿಸು. ಬುಡ ಸಮೇತ ಬರಬೇಕು," ಎಂದಳು ಅತ್ತೆ, ಗೋಡೆಗೆ.

ಎಲೆ ಚಟ್ಟೆಂದು ಬಿಡಿಸಿಕೊಂಡಿತು. ಇಸೌರಾ ಅದನ್ನು ಲಂಗದ ಜೇಬಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು. ಏನೋ ಹೇಳಲು ಹೊರಟಳು.

"ಬಾಯಿ ಮುಚ್ಚು!" ಎಂದು ಎರ್ಮಿಲಾ ಸಿಡುಕಿದಳು. "ಉಪಕಾರ ಆಯ್ತು ಅಂದ್ರೆ ಬೇರು ಬಿಡಲ್ಲ ಅದು. ಹೋಗು, ಕಳ್ಳಿ, ತಮಾಲೆ ಬೆಂತಾ ನೋಡು."