ತಮ್ಮೇಗೌಡರ ಬಲಗೈ ಮತ್ತು ನಾನು

ನಾನೊಂದು ಜಾಯ್‌ಸ್ಟಿಕ್. ಕಂಪ್ಯೂಟರಿನಲ್ಲಿ ಆಟವಾಡುವ ಹಿಡಿಕೋಲು ಎಂದಷ್ಟೇ ಯಾರಾದರೂ ನನ್ನನ್ನು ಪರಿಚಯಿಸಿದರೆ ಒಳಗೊಳಗೇ ಅವಮಾನವಾಗುತ್ತದೆ. ಅಂಥ ಕೋಲುಗಳು ನನ್ನ ಕಾಲದಲ್ಲಿ ಬೇಕಾದಷ್ಟಿದ್ದವು, ತಿರುಗಿಸಿದತ್ತ ತಿರುಗುವ ಬಡಪಾಯಿಗಳು. ನನ್ನ ಹೊಟ್ಟೆಯಲ್ಲಿ ಎರಡು ಮೋಟಾರುಗಳಿವೆ. ಪರದೆಯ ಮೇಲಿನ ವಿಮಾನ ಗಾಳಿಗೆ ಸಿಕ್ಕರೆ ನಾನು ನಿಮ್ಮ ಕೈಯನ್ನು ಎಳೆಯುತ್ತೇನೆ. ಅದರ ಚಕ್ರ ಗುಂಡಿಗೆ ಇಳಿದರೆ ಗಡಗಡ ನಡುಗುತ್ತೇನೆ. ನೀವು ತಳ್ಳಿದರೆ ನಾನೂ ತಳ್ಳುತ್ತೇನೆ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಒಬ್ಬರು ಮೋಟಾರು ಕೂರಿಸಿದರು, ಇನ್ನೊಬ್ಬರು ತಂತಿ ಬೆಸೆದರು. ಕೊನೆಯ ಸಾಲಿನಲ್ಲಿ ಕುಳಿತಿದ್ದ ಹೆಣ್ಣುಮಗಳೊಬ್ಬಳು ನನ್ನ ಹಿಡಿಯ ಮೇಲೆ ಬೆಳಕು–ಕತ್ತಲು ಅರಿಯುವ, ಕಡಲೆಕಾಳಿನಷ್ಟು ದೊಡ್ಡ ಗಾಜಿನ ಕಿಂಡಿಯೊಂದನ್ನು ಕೂರಿಸಿದಳು. ಅಂಗೈ ಬಂದು ಆ ಕಿಂಡಿಯನ್ನು ಮುಚ್ಚಿದರೆ ಮಾತ್ರ ನನ್ನ ಮೋಟಾರುಗಳಿಗೆ ಜೀವ ಬರುತ್ತದೆ, ಕೈ ಸರಿದ ಕೂಡಲೇ ನಿಲ್ಲುತ್ತವೆ. ಯಾರೂ ಹಿಡಿಯದಿದ್ದಾಗ ನಾನು ತಾನಾಗಿ ಕುಣಿದು ಮೇಜಿನಿಂದ ಬೀಳದಿರಲಿ ಎಂದು ಮಾಡಿದ ಏರ್ಪಾಡು ಅದು.

ಬೆಂಗಳೂರಿನ ಅಂಗಡಿಯೊಂದರಿಂದ ನನ್ನನ್ನು ಮಂಡ್ಯಕ್ಕೆ ತಂದವನು ಮರಿಸ್ವಾಮಿ. ಬಸ್ಸಿನುದ್ದಕ್ಕೂ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದವರು ಕೇಳಿದರೆ “ಮಿಷೀನು” ಎಂದಷ್ಟೇ ಹೇಳುತ್ತಾ ಬಂದ. ಅಕ್ಕ ಸಣ್ಣಮ್ಮನ ಮನೆಯ ಮುಂಗೋಣೆಯಲ್ಲಿ ಅವನ ಕಂಪ್ಯೂಟರ್ ಸೆಂಟರು. ಹಗಲೆಲ್ಲ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದ, ಸಂಜೆ ಬಾಗಿಲು ಮುಂದೆ ಮಾಡಿ ಯುದ್ಧವಿಮಾನ ಹಾರಿಸುತ್ತಿದ್ದ. ಹಾರಿಸುವುದು ಏನು ಬಂತು, ಹತ್ತಕ್ಕೆ ಎಂಟು ಸಲ ಗುಡ್ಡಕ್ಕೆ ಗುದ್ದುತ್ತಿದ್ದ. ಗುದ್ದಿದಾಗಲೆಲ್ಲ “ಸ್ಟಿಕ್ಕೇ ಸರಿಯಿಲ್ಲ” ಎಂದು ನನ್ನ ತಲೆಗೊಂದು ಏಟು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೂ ಹುಡುಗಾಟದ ಮನುಷ್ಯ, ಒರೆಸುವ ಬಟ್ಟೆ ಮೆತ್ತಗಿರಬೇಕೆಂದು ತನ್ನ ಹಳೆಯ ಬನಿಯನ್ನನ್ನೇ ಹರಿದು ನನಗೆ ಮೀಸಲಿಟ್ಟಿದ್ದ.

ಎರಡು ವರ್ಷ ಹೀಗೇ ಸುಖವಾಗಿ ಕಳೆಯಿತು. ಅದರ ಮುಂದಿನ ಬೇಸಿಗೆಯಲ್ಲಿ ಸಣ್ಣಮ್ಮನ ಗಂಡ ತಮ್ಮೇಗೌಡರಿಗೆ ಲಕ್ವ ಹೊಡೆಯಿತು.

ಮೂವತ್ತೊಂದು ವರ್ಷ ಮಂಡ್ಯ–ಬೆಂಗಳೂರು ಬಸ್ಸು ಓಡಿಸಿದವರು ಅವರು. ಮಾತು ಬೇಗ ಸರಿಹೋಯಿತು, ಕಾಲೂ ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಮಾತ್ರ ಒದ್ದೆ ಬಟ್ಟೆಯ ಹಾಗೆ ಪಕ್ಕದಲ್ಲಿ ನೇತಾಡುತ್ತಿತ್ತು. ಊಟದ ಹೊತ್ತು ಬಂದರೆ ನಡುಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಹೆಂಡತಿ ಮುದ್ದೆ ಮುರಿದು ಬಾಯಿಗಿಡುವುದನ್ನು ಯಾರೂ ನೋಡಕೂಡದು. ಎಡಗೈಯಲ್ಲಿ ಉಣ್ಣಲು ಅವರಿಗೆ ಮನಸ್ಸು ಒಪ್ಪದು. ಬಂಧುಗಳ ಮನೆಗೆ ಹೋಗುವುದನ್ನೂ ಬಿಟ್ಟರು, ಹೋದಲ್ಲಿ ಎಲೆ ಹಾಕುತ್ತಾರಲ್ಲ. ಆ ಮನುಷ್ಯನಿಗೆ ದೇವರಲ್ಲಿ ಬೇಡಲು ಇದ್ದದ್ದು ಒಂದೇ, ತನ್ನ ಕೈಯಾರೆ ಮುದ್ದೆ ಮುರಿದು ಉಣ್ಣಬೇಕು.

ಆ ಕೈಯಲ್ಲಿ ಏನಾದರೂ ಹಿಡಿಸಿ ಅಭ್ಯಾಸ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ರಬ್ಬರ್ ಚೆಂಡು ಕೊಟ್ಟರೆ ತಮ್ಮೇಗೌಡರು ಅದನ್ನು ಎಡಗೈಯಿಂದ ಮೂಲೆಗೆ ಎಸೆದರು. ಆಗ ಮರಿಸ್ವಾಮಿಗೆ ನನ್ನ ನೆನಪಾಯಿತು.

“ಇದೇನ್ಲಾ ಮರಿ, ಗೇರಾ?” ಎಂದರು ನನ್ನನ್ನು ನೋಡಿ.

“ಹೂಂ ಅನ್ಕಳಿ ಭಾವ.”

“ಗೇರು ಎಡಗೈಗೆ ಬರಬೇಕು ಕಣ್ಲಾ. ಬಲಗೈಗೆ ಕೊಡ್ತೀಯಲ್ಲ, ಯಾವ ಸೀಮೆ ಗಾಡಿ ಇದು?”

ಮರಿಸ್ವಾಮಿ ಅವರ ಬೆರಳುಗಳನ್ನು ಒಂದೊಂದಾಗಿ ನನ್ನ ಸುತ್ತ ಮಡಚಿದ. ಕಿಂಡಿ ಮುಚ್ಚಿತು, ನಾನು ನಡುಗಿದೆ. ಆ ಕೈಗೆ ನನ್ನ ನಡುಕ ಮುಟ್ಟಿತೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಮರುಕ್ಷಣ ಬೆರಳು ಜಾರಿದವು, ನಾನು ಸತ್ತ ಹಾಗಾದೆ.

“ಕೆಟ್ಟೋಯ್ತಾ?”

“ಇಲ್ಲ ಭಾವ. ನೀವು ಹಿಡಿದ್ರೆ ಓಡ್ತದೆ, ಬಿಟ್ರೆ ನಿಲ್ತದೆ. ಅಷ್ಟೇಯ.”

ಈ ಮಾತು ಅವರಿಗೆ ಬಹಳ ಹಿಡಿಸಿತು. ಮರುದಿನದಿಂದ ಬೆಳಿಗ್ಗೆ ಹತ್ತಕ್ಕೆ ಡ್ಯೂಟಿಗೆ ಬರುವವರಂತೆ ಬಂದು ಕೂರತೊಡಗಿದರು. ವಿಮಾನವನ್ನು ಅವರು ಒಂದು ದಿನವೂ ಮೇಲಕ್ಕೆತ್ತಲಿಲ್ಲ. ರನ್‌ವೇಯ ಮೇಲೆ ಬಸ್ಸಿನ ಹಾಗೆ ಓಡಿಸುತ್ತಿದ್ದರು. ಸಣ್ಣಮ್ಮ ಬಾಗಿಲಲ್ಲಿ ನಿಂತು “ರೈಟ್” ಎಂದರೆ ಹೊರಡುವುದು, ಕೈ ಎಷ್ಟು ಹೊತ್ತು ಹಿಡಿದಿತ್ತೆಂಬುದನ್ನು ಬೆಂಗಳೂರಿನ ದಾರಿಯ ಊರುಗಳಲ್ಲಿ ಲೆಕ್ಕ ಹಾಕುವುದು. ಮೊದಲ ತಿಂಗಳು ಡಿಪೋ ಗೇಟು ದಾಟುವುದರೊಳಗೆ ನಾನು ನಿಂತುಬಿಡುತ್ತಿದ್ದೆ. ಶ್ರಾವಣ ಕಳೆದರೂ ಅವರು ಗೇಟು ದಾಟಿದ್ದು ನಾಲ್ಕೇ ಸಲ.

ಆಯುಧಪೂಜೆ ಬಂತು. ಡ್ರೈವರ್ ಮನೆಯಲ್ಲಿ ಅದಕ್ಕಿಂತ ದೊಡ್ಡ ಹಬ್ಬ ಯಾವುದಿದೆ? ಪ್ರತಿ ವರ್ಷ ಬಸ್ಸಿನ ಸ್ಟೇರಿಂಗಿಗೆ ಕುಂಕುಮ ಇಡುತ್ತಿದ್ದ ಸಣ್ಣಮ್ಮ ಈ ಸಲ ಮಿಂದು ಮಡಿಯುಟ್ಟು ನನ್ನ ಮುಂದೆ ನಿಂತರು. ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿದ ಕುಂಕುಮ. ಹಣೆ ಎಲ್ಲಿ ಎಂದು ಹುಡುಕಿದರು, ಕಿಂಡಿ ಕಂಡಿತು. ಅದರ ಮೇಲೆ ಸರಿಯಾಗಿ ಇಟ್ಟು, ಹೂವೇರಿಸಿ, “ಗೇರಪ್ಪ, ಅವರ ಕೈ ಹಿಡಿಯಪ್ಪ” ಎಂದು ಕೈಮುಗಿದರು. ಅವರ ಕಣ್ಣು ತುಂಬಿತ್ತು. ನನಗೆ ಯಾರೂ ಅದುವರೆಗೆ ಕೈಮುಗಿದಿರಲಿಲ್ಲ.

ಆದರೆ ಕಿಂಡಿಗೆ ಅಂಗೈ ಯಾವುದು, ಕುಂಕುಮ ಯಾವುದು ಎಂಬ ಭೇದ ತಿಳಿಯದು. ಮುಚ್ಚಿದೆ ಎಂದಷ್ಟೇ ಗೊತ್ತು. ಮರುದಿನ ತಮ್ಮೇಗೌಡರ ಕೈ ನನ್ನ ಮೇಲೆ ಸುಮ್ಮನೆ ಒರಗಿತ್ತು. ಬೆರಳು ಸಡಿಲಾದರೂ ನಾನು ನಡುಗುತ್ತಲೇ ಇದ್ದೆ. ಗೆಜ್ಜಲಗೆರೆ ಬಂತು, ಮದ್ದೂರು ಬಂತು, ಚನ್ನಪಟ್ಟಣ ಬಂತು.

“ಸಣ್ಣಮ್ಮೀ, ನಿಂತೇ ಇಲ್ಲ ನೋಡು,” ಎಂದರು ಅವರು.

ಸಣ್ಣಮ್ಮನಿಗೆ ಇದು ಪೂಜೆಯ ಫಲವೆಂಬುದರಲ್ಲಿ ಅನುಮಾನವೇ ಉಳಿಯಲಿಲ್ಲ. ದಿನಾ ಬೆಳಿಗ್ಗೆ, ಗಂಡ ಬಂದು ಕೂರುವ ಮೊದಲು, ಹೊಸದಾಗಿ ಕುಂಕುಮ ಇಡತೊಡಗಿದರು. ಮರಿಸ್ವಾಮಿಗೆ ಮದುವೆ ಕಾಲದ ಕೆಲಸ ಮೈತುಂಬ ಇತ್ತು, ಭಾವನ ಮುಖ ಗೆಲುವಾಗಿದ್ದನ್ನು ನೋಡಿ ಖುಷಿಪಟ್ಟನೇ ಹೊರತು ನನ್ನ ಕಡೆ ತಿರುಗಲಿಲ್ಲ. ನನಗೆ ಮಾತ್ರ ಗೊತ್ತಿತ್ತು, ಆ ಕೈ ನನ್ನನ್ನು ಹಿಡಿದಿಲ್ಲವೆಂದು. ಹೇಳಲು ನನಗೆ ಬಾಯಿಲ್ಲ. ನಡುಗುವುದೊಂದೇ ನನ್ನ ಮಾತು, ಆ ಮಾತೇ ಸುಳ್ಳಾಗಿತ್ತು.

ಹದಿನೈದು ದಿನ ಕಳೆದ ಮೇಲೆ ತಮ್ಮೇಗೌಡರು “ಇವತ್ತು ಬಾಗ್ಲು ಮುಚ್ಚಬ್ಯಾಡ. ಮರೀಗೂ ಎಲೆ ಹಾಕು, ಒಟ್ಗೆ ಉಣ್ತೀವಿ” ಎಂದರು. ಉಪ್ಸಾರು, ಬಿಸಿ ಮುದ್ದೆ. ನಾನು ಮುಂಗೋಣೆಯ ಮೇಜಿನಿಂದ ನೋಡುತ್ತಿದ್ದೆ. ಅವರು ಬಲಗೈಯನ್ನು ಮುದ್ದೆಯ ಮೇಲಿಟ್ಟರು. ಬೆರಳು ಮಡಚಲಿಲ್ಲ. ಇನ್ನೊಮ್ಮೆ ಒತ್ತಿದರು. ಮುದ್ದೆ ಜಾರಿ ಎಲೆ ದಾಟಿ ನೆಲದ ಮೇಲೆ ಉರುಳಿ ಮರಿಸ್ವಾಮಿಯ ಮೊಣಕಾಲಿಗೆ ತಗುಲಿ ನಿಂತಿತು. ತಮ್ಮೇಗೌಡರು ಗೋಡೆ ಹಿಡಿದುಕೊಂಡು ಎದ್ದುಹೋದರು.

ನಾಲ್ಕು ದಿನ ಅವರು ನನ್ನ ಬಳಿ ಬರಲಿಲ್ಲ. ಐದನೆಯ ದಿನ ಮರಿಸ್ವಾಮಿ ಬೇಸರಕ್ಕೆ ಆಟ ಹಚ್ಚಿದ. ಕೈಯಿಡುವ ಮೊದಲೇ ನಾನು ಗಡಗಡ ಎಂದೆ. ಬಗ್ಗಿ ನೋಡಿದ. ಉಗುರಿನಿಂದ ಒಂದು ಚೂರು ಕೆರೆದ. ನಾನು ನಿಂತೆ.

“ಅಕ್ಕಾ, ಈ ಕುಂಕುಮ ಯಾರಿಟ್ಟಿದ್ದು?”

ವಿಷಯ ತಿಳಿದಾಗ ಸಣ್ಣಮ್ಮ ಬಾಗಿಲ ಹತ್ತಿರವೇ ಕೂತರು. “ನನ್ನ ಕೈಯಾರೆ ಅವರನ್ನ ಎಲೆ ಮುಂದೆ ಕೂರಿಸಿ ಮಾನ ಕಳೆದ್ಬುಟ್ಟೆ” ಎಂದು ಅತ್ತರು. ಅಳು ಕೇಳಿ ತಮ್ಮೇಗೌಡರು ಒಳಗಿನಿಂದ ಕಾಲೆಳೆದುಕೊಂಡು ಬಂದರು. ಮರಿಸ್ವಾಮಿ ಎಲ್ಲ ಹೇಳಿದ. ಅವರು ಹೆಂಡತಿಯ ಪಕ್ಕ ಗೋಡೆಗೊರಗಿ ನಿಂತರು.

“ಅಳಬ್ಯಾಡ ಕನಮ್ಮಿ. ಬಸ್ಸಿಗೆ ಇಟ್ಟಂಗೇ ಇಟ್ಟೆ. ಅದ್ಕೆ ಕಿಂಡಿ ಅದೆ ಅಂತ ನಿಂಗೇನ್ ಗೊತ್ತು? ಒರೆಸು, ನೋಡಾನ.”

ಒರೆಸಲು ಸಣ್ಣಮ್ಮ ಹಿಂಜರಿದರು, ಪೂಜೆಯ ಕುಂಕುಮ ಅಳಿಸಬಾರದಲ್ಲ. “ನಿಮ್ ಹಣೆಗೇ ಇಡ್ತೀನಿ ಬುಡಿ” ಎಂದು ನನ್ನ ಮೇಲೆ ಉಳಿದಿದ್ದ ಕುಂಕುಮವನ್ನು ಸೆರಗಿನಿಂದ ಒರೆಸಿ, ಬೆರಳಿಗಂಟಿದ್ದನ್ನು ಗಂಡನ ಹಣೆಗಿಟ್ಟರು. ತಮ್ಮೇಗೌಡರು ಕೂತರು. ಎಡಗೈಯಿಂದ ಬಲಗೈಯನ್ನು ಎತ್ತಿ ನನ್ನ ಮೇಲಿಟ್ಟರು. ನನಗಾಗ ಆದ ಭಯ ಕಾರ್ಖಾನೆ ಬಿಟ್ಟ ಮೇಲೆ ಎಂದೂ ಆಗಿರಲಿಲ್ಲ. ಬೆರಳು ಮೆಲ್ಲಗೆ ಮಡಚಿದವು. ಕಿಂಡಿ ಕತ್ತಲಾಯಿತು. ಡಿಪೋ ಗೇಟು ದಾಟಿದೆವು. ಗೆಜ್ಜಲಗೆರೆ ಹತ್ತಿರ ಬರುವ ಹೊತ್ತಿಗೆ ಕೈ ಜಾರಿತು.

“ಗೇಟು ದಾಟಿವ್ನಿ. ಇದು ನಿಜದ್ದು,” ಎಂದರು ಅವರು.

ಆಮೇಲೆ ಮದ್ದೂರು ತಲುಪಲು ಸಂಕ್ರಾಂತಿಯಾಯಿತು. ಯುಗಾದಿಯ ಹೊತ್ತಿಗೆ ಮರಿಸ್ವಾಮಿ ಹೊಸ ಕಂಪ್ಯೂಟರು ತಂದ. ಅದರ ಬೆನ್ನಲ್ಲಿ ನನ್ನ ತಂತಿ ಸಿಕ್ಕಿಸಲು ಜಾಗವೇ ಇರಲಿಲ್ಲ. ನಾನು ಮುದುಕನಾದದ್ದು ಹೀಗೆ, ಒಂದೇ ಬೆಳಗಿನಲ್ಲಿ. ಗುಜರಿಗೆ ಹೋಗಬೇಕಾದವನನ್ನು ತಮ್ಮೇಗೌಡರು ಬಿಡಲಿಲ್ಲ. ಜೀವವಿಲ್ಲದ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಜಗುಲಿಯಲ್ಲಿ ಕೂತು ಹಿಡಿಯುತ್ತಿದ್ದರು, ಬಿಡುತ್ತಿದ್ದರು. ಹಿಡಿದದ್ದು ನಿಜವೋ ಸುಳ್ಳೋ ಎಂದು ಹೇಳಲು ನನ್ನಿಂದಾಗದು. ಅವರೂ ನನ್ನನ್ನು ಕೇಳುವುದನ್ನು ಬಿಟ್ಟಿದ್ದರು. ಎಷ್ಟೋ ವರ್ಷಗಳಿಂದ ನಡುಮನೆಯ ಗೂಡಿನಲ್ಲಿ, ಅವರ ಹಳೆಯ ಡ್ರೈವಿಂಗ್ ಬ್ಯಾಡ್ಜಿನ ಪಕ್ಕ ನನ್ನ ವಾಸ. ಧೂಳು ಕೂತಿದೆ, ಹಿಡಿಯ ರಬ್ಬರು ಅಂಟಂಟಾಗಿದೆ. ಬಲ ನನ್ನಲ್ಲಿದೆ ಎಂದು ಮೆರೆದವನು ನಾನು. ನಾನು ಸುಮ್ಮನಾದ ಮೇಲೂ ಆ ಕೈ ಬಲಿಯುತ್ತಲೇ ಹೋಯಿತು. ಆ ಯುಗಾದಿಯ ಮರುತಿಂಗಳ ಒಂದು ಮಧ್ಯಾಹ್ನವನ್ನು ಹೇಳಿ ಮುಗಿಸುತ್ತೇನೆ.

ಸಣ್ಣಮ್ಮ ಎಂದಿನಂತೆ ಬಾಗಿಲು ಮುಚ್ಚಲು ಹೋದರು. ತಮ್ಮೇಗೌಡರು ಬೇಡವೆಂದರು. ಎಲೆಯ ಮೇಲೆ ಕೈಯಿಟ್ಟು, ಕಣ್ಣುಮುಚ್ಚಿ, ಮುದ್ದೆಯಿಂದ ಒಂದು ತುತ್ತು ಮುರಿದರು. ಉಪ್ಸಾರಿನಲ್ಲಿ ಅದ್ದಿದರು. ಬಾಯಿಗೆ ಹಾಕಿಕೊಳ್ಳಲಿಲ್ಲ. ಕೈ ಅಲ್ಲಾಡುತ್ತಾ ಅಲ್ಲಾಡುತ್ತಾ ಎದುರಿಗೆ ಕೂತ ಸಣ್ಣಮ್ಮನ ತುಟಿಯವರೆಗೆ ಹೋಯಿತು.

“ವರ್ಸದಿಂದ ಉಣ್ಸಿದ್ದೀಯ. ಒಂದು ತುತ್ತು ತಕೋ.”

ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಸಣ್ಣಮ್ಮನಿಗೆ ಮಾತ್ರ ಅಂದು ಆ ತುತ್ತು ಗಂಟಲಲ್ಲಿ ಇಳಿಯಲು ಬಹಳ ಹೊತ್ತು ಹಿಡಿಯಿತು. ತಮ್ಮೇಗೌಡರು ಎರಡನೆಯ ತುತ್ತನ್ನು ಮುರಿದು, ಬಲಗೈಯಲ್ಲಿ ಹಿಡಿದುಕೊಂಡೇ ಕಾಯುತ್ತಿದ್ದರು.