ಅಂಚು ಕತ್ತರಿಸಿದ ಪುಸ್ತಕ

“ಯಾರು ಹೇಳಿದ್ರು ನಿನಗೆ ಕತ್ತರಿಸೋಕೆ? ಹಾಳೆ ಉದುರ್ತಿದೆ, ಅಂಟು ಹಾಕಿಕೊಡು ಅಂದೆ. ಅಷ್ಟೇ ತಾನೇ ನಾನಂದಿದ್ದು?”

ನನ್ನ ತಂಗಿ, ಬೆಳಿಗ್ಗೆ ನಾನು ಕಾಗದ ಸುತ್ತಿ ಕೊಟ್ಟಿದ್ದ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. ಆಸ್ಪತ್ರೆಯಿಂದ ನರ್ಸಿನ ಬಟ್ಟೆಯಲ್ಲೇ ನನ್ನ ಬೈಂಡಿಂಗ್ ಅಂಗಡಿಗೆ ಓಡಿಬಂದಿದ್ದಳು.

“ಉಪಕಾರ ಮಾಡಿದ್ದಕ್ಕೆ ಬೈಗುಳ! ಎರಡು ಪುಸ್ತಕ ಸೇರಿಸಿ ಒಂದೇ ರಟ್ಟು ಹಾಕಿದ್ದೀನಿ. ಬೇರೆ ಯಾರಾದ್ರೂ ಆಗಿದ್ರೆ ಕೈ ಮುಗೀತಿದ್ರು.”

“ಬೇರೆ ಯಾರಾದ್ರೂ ಆಗಿದ್ರೆ ಕೇಳಿ ಮಾಡ್ತಿದ್ರು, ಮೇಷ್ಟ್ರೇ!”

ಆ ಅಡ್ಡಹೆಸರು ಅವಳೇ ಇಟ್ಟದ್ದು. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ. ಹೊರದೇಶದ ಆಸ್ಪತ್ರೆಯ ಕೆಲಸಕ್ಕೆ ಜರ್ಮನ್ ಪರೀಕ್ಷೆ ಬರೆಯಬೇಕು, ಮೊದಲು ಯಾವ ಪುಸ್ತಕ ಹಿಡಿಯಲಿ ಎಂದು ಅವಳು ಕೇಳಿದಾಗ, ಜರ್ಮನ್ನಿನ ಒಂದಕ್ಷರ ಗೊತ್ತಿಲ್ಲದ ನಾನು ಮುಂದೆ ಬಿದ್ದೆ. ಕುರುಡ ಕನ್ನಡಿ ಆರಿಸಿಕೊಟ್ಟ ಹಾಗೆ. ಗ್ರಂಥಾಲಯದವರು ಬೇಡವೆಂದು ಬಿಟ್ಟ ರಾಶಿಯಿಂದ ದಪ್ಪನೆಯ ವ್ಯಾಕರಣವೊಂದನ್ನು ಎಳೆದೆ. ಬೆನ್ನು ಗಟ್ಟಿ, ಹೊಲಿಗೆ ಇನ್ನೂ ಗಟ್ಟಿ. ನನಗೆ ಗೊತ್ತಿದ್ದ ಪರೀಕ್ಷೆ ಅದೊಂದೇ.

“ಮೊದಲ ಪುಟದಿಂದ ಬಾಯಿಪಾಠ ಮಾಡು. ನಾವು ಮಗ್ಗಿ ಕಲಿತದ್ದು ಹೀಗೇ,” ಎಂದೆ.

ಎಂಟು ತಿಂಗಳು ದಿನಾ ಬೆಳಿಗ್ಗೆ ಅವಳು ಒಪ್ಪಿಸಿದಳು, ನಾನು ಸ್ಕೇಲು ಹಿಡಿದು ಕೂತೆ. ತಪ್ಪು ಯಾವುದು, ಒಪ್ಪು ಯಾವುದು ನನಗೇನು ಗೊತ್ತು? ಅವಳ ದನಿ ತಗ್ಗಿದಾಗ ಮೇಜು ಕುಟ್ಟುತ್ತಿದ್ದೆ. ಪರೀಕ್ಷೆಯಲ್ಲಿ, ಇವತ್ತು ಇಲ್ಲಿಗೆ ಹೇಗೆ ಬಂದೆ ಎಂದು ಕೇಳಿದರಂತೆ. ಬಸ್ಸಿನಲ್ಲಿ ಬಂದೆ ಅನ್ನಲು ಅವಳಿಗೆ ಬರಲಿಲ್ಲ. ಫೇಲು. “ನೀನು ಸರಿಯಾಗಿ ಒಪ್ಪಿಸಲಿಲ್ಲ,” ಎಂದು ಬೈದೆ.

ಆಮೇಲೆ ಅವಳೇ ಹೋಗಿ ಚಿತ್ರಗಳಿದ್ದ ತೆಳು ಪುಸ್ತಕ ತಂದಳು. ಅಗಲವಾದದ್ದು, ಹೊಲಿಗೆಯಿಲ್ಲದ ಬರೀ ಅಂಟಿನದ್ದು. “ಇದೇನು ಪುಸ್ತಕವೋ, ಮದುವೆ ಆಲ್ಬಮ್ಮೋ?” ಎಂದು ನಕ್ಕೆ. ಅವಳು ಫೋನಿನಲ್ಲಿ ಪಾಠ ಕೇಳುತ್ತ, ಬಟ್ಟೆಗೆ ಇಸ್ತ್ರಿ ಹಾಕುತ್ತ ಅದಕ್ಕೆ ಉತ್ತರ ಕೊಡುತ್ತಿದ್ದಳು. ಪಾತ್ರೆ ತೊಳೆಯುತ್ತ ಗೋಡೆಯ ಆರೋಗ್ಯ ವಿಚಾರಿಸುತ್ತಿದ್ದಳು. ಕಿವಿಗೆ ಕೇಳಿದ್ದನ್ನು ನಮ್ಮ ಅಕ್ಷರದಲ್ಲೇ, ಅರ್ಥದ ಸಮೇತ, ಪೆನ್ಸಿಲಿನಲ್ಲಿ ಅಂಚಿಗೆ ಬರೆದುಕೊಳ್ಳುವಳು: ಎಲ್ಲಿ ನೋವು? ರಾತ್ರಿ ನಿದ್ದೆ ಬಂತಾ? ಆರು ತಿಂಗಳಲ್ಲಿ ತಡೆಯಿಲ್ಲದೆ ಮಾತಾಡತೊಡಗಿದಳು. ಭೇಷ್ ಎಂಬ ಒಂದು ಮಾತೂ ನನ್ನ ಬಾಯಿಂದ ಬರಲಿಲ್ಲ.

ಈಗ ಅವಳು ಪುಟ ತಿರುಗಿಸುತ್ತಿದ್ದಳು. ಪ್ರತಿ ಅಂಚಿನಲ್ಲೂ ಅರ್ಧ ಅರ್ಧ ಅಕ್ಷರ. ತೆಳು ಪುಸ್ತಕ ದಪ್ಪದ್ದಕ್ಕಿಂತ ಎರಡು ಬೆರಳು ಅಗಲವಿತ್ತು. ಎರಡನ್ನೂ ಸಮ ಮಾಡಿದ್ದೆ.

“ಪರೀಕ್ಷೆಗೆ ಒಂಬತ್ತು ದಿನ ಇದೆ. ಈ ಸಲ ಆಗದಿದ್ರೆ ಆ ಕೆಲಸ ಬೇರೆಯವರಿಗೆ. ಚೂರೆಲ್ಲಿ?”

ಮೂಲೆಯ ಚೀಲವನ್ನು ಗದ್ದದಿಂದಲೇ ತೋರಿಸಿದೆ. ವಾರದ ಚೂರೆಲ್ಲ ಅದರಲ್ಲೇ ಇತ್ತು. ಅವಳು ನೆಲಕ್ಕೆ ಸುರಿದು ಮಂಡಿಯೂರಿ ಹುಡುಕತೊಡಗಿದಳು. ಒಂದು ಚೂರಿನಲ್ಲಿ ‘ನಿದ್ದೆ ಬಂ’ ಎಂದಿತ್ತು.

ನನಗೂ ಪಕ್ಕದಲ್ಲಿ ಕೂರಬೇಕೆನಿಸಿತು. ಮಂಡಿಗಿಂತ ಬಾಯಿ ಮುಂದಾಯಿತು. “ಅಂಚಿನ ಗೀಚು ನೋಡ್ಕೊಂಡು ಯಾರೂ ಪಾಸಾಗಲ್ಲ. ತಲೇಲಿರಬೇಕು.”

ಅವಳು ತಲೆಯೆತ್ತಿದಳು. “ಅಣ್ಣ, ಒಂದೇ ಒಂದು ಹೇಳು. ಕತ್ತರಿಸೋ ಮುಂಚೆ ಇದನ್ನ ನೋಡಿದ್ಯಾ?”

“ಇಲ್ಲ.”

ಆಚೆ ಕೂತು ಪುಸ್ತಕ ಹೊಲಿಯುತ್ತಿದ್ದ ನನ್ನ ಹೆಂಡತಿಯ ಸೂಜಿ ನಿಂತಿತು. “ರೀ, ಅಂಚಲ್ಲಿ ಏನೋ ಬರ್ಕೊಂಡಿದ್ದಾಳೆ, ಅವಳನ್ನ ಕೇಳಿ ಕತ್ತರಿಸಿ,” ಎಂದು ಅವಳು ಕತ್ತರಿಸುವ ಮುಂಚೆಯೇ ಎರಡು ಸಲ ಹೇಳಿದ್ದಳು. ನಾನು ನೋಡಿದ್ದೆ. ಬರೀ ನೋಡಿದ್ದಲ್ಲ, ಒಂದಿಡೀ ಪುಟ ಓದಿದ್ದೆ. ನನಗೇ ಜರ್ಮನ್ನಿನ ನಾಲ್ಕು ಮಾತು ಬಂದುಬಿಟ್ಟಿತ್ತು. ನಾನು ಆರಿಸಿದ ಪುಸ್ತಕ ಅಟ್ಟ ಸೇರಿತಲ್ಲ ಎಂಬ ಹೊಟ್ಟೆಕಿಚ್ಚು. ಅದನ್ನು ಅಟ್ಟದಿಂದ ಇಳಿಸಿ ಇದರ ಜೊತೆ ಹೊಲಿದು, ಕಟಿಂಗ್ ಮೆಷಿನ್ನಿಗೆ ಇಟ್ಟು ಹಿಡಿ ಎಳೆದೆ.

ತಂಗಿ ನನ್ನ ಹೆಂಡತಿಯ ಮುಖ ನೋಡಿದಳು, ಅಷ್ಟು ಸಾಕಾಯಿತು.

ಮೇಜಿನ ಮೇಲಿನ ಚಾಕು ತೆಗೆದುಕೊಂಡು, ಗಾಯದ ಹೊಲಿಗೆ ಬಿಚ್ಚುವ ಹಾಗೆ, ನಾನು ಹಾಕಿದ ದಾರವನ್ನು ಒಂದೊಂದಾಗಿ ಕತ್ತರಿಸಿದಳು. ತೆಳುವಾದದ್ದನ್ನು ಬೇರೆ ಮಾಡಿದಳು. ದಪ್ಪನೆಯದನ್ನು ನನ್ನ ಮುಂದಕ್ಕೆ ತಳ್ಳಿದಳು. ಚೂರುಗಳನ್ನು ಬಾಚಿ ಬ್ಯಾಗಿಗೆ ತುಂಬಿಕೊಂಡಳು.

“ಅತ್ತಿಗೆ, ಬರ್ತೀನಿ.”

ನನಗೆ ಆ ಮಾತೂ ಇಲ್ಲ.

“ಹೋಗು, ಹೋಗು!” ಎಂದು ಕೂಗಿದೆ. “ಹೊಟ್ಟೆ ಹಸಿದಾಗ ಇದೇ ಮನೆಗೆ ಬರ್ತೀಯ!”

ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದಳು. ಆ ಸಂಜೆ ಹೆಂಡತಿ ಎಂದಿನಂತೆ ಮೂರು ತಟ್ಟೆ ಇಟ್ಟಳು. ತಂಗಿ ಬರಲಿಲ್ಲ. ಆಮೇಲೂ ಬರಲಿಲ್ಲ.