ಮುಳ್ಳು ಎತ್ತುವ ಜಾಗ

ಹಾಡು ಸಿಕ್ಕಿಕೊಳ್ಳಬೇಕಾದ ಜಾಗದಲ್ಲಿ ಸಿಕ್ಕಿಕೊಳ್ಳಲೇ ಇಲ್ಲ.

ಯಲಹಂಕದ ಹೆರಿಗೆ ಆಸ್ಪತ್ರೆಯ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದ ಮುನಿಶಾಮಮ್ಮ ಎದುರು ಹೋಟೆಲಿನ ರೇಡಿಯೋ ಜೊತೆ ತುಟಿಯೊಳಗೇ ಹೇಳಿಕೊಳ್ಳುತ್ತಿದ್ದಳು. 'ಗಾಳಿ ಎದ್ದಿದೆ ತಂದೆ, ದೀಪ ಸಣ್ಣದು, ಕೈಯ ಮರೆ ಮಾಡಯ್ಯ.' ಅವಳು ಎರಡನೇ ಸಲ 'ಕೈಯ ಮರೆ ಮಾಡಯ್ಯ' ಅನ್ನುವಷ್ಟರಲ್ಲಿ ರೇಡಿಯೋ ಅವಳನ್ನು ಅಲ್ಲೇ ಬಿಟ್ಟು ಮುಂದಕ್ಕೆ ಹೋಗಿಬಿಟ್ಟಿತು. 'ಎಣ್ಣೆಯೂ ನನದಲ್ಲ, ಬತ್ತಿಯೂ ನನದಲ್ಲ' ಎಂದು ಅವಳು ಯಾವತ್ತೂ ಕೇಳಿರದ ನುಡಿಯೊಂದು ಶುರುವಾಯಿತು. ಕಿವಿಗೊಟ್ಟು ಕೇಳೋಣವೆಂದರೆ ದೊಡ್ಡಬಳ್ಳಾಪುರದ ಬಸ್ಸು ಬಂದು ಆಸ್ಪತ್ರೆಗೂ ಹೋಟೆಲಿಗೂ ನಡುವೆ ನಿಂತು ಗೊರಗೊರ ಅನ್ನತೊಡಗಿತು. ಇಳಿಯುವವರು ಇಳಿದು, ಹತ್ತುವವರು ಹತ್ತಿ, ಯಾರದೋ ಕೋಳಿಬುಟ್ಟಿ ಮೇಲಕ್ಕೆ ಹೋಗಿ, ಬಸ್ಸು ಹೊರಟಾಗ ಹಾಡು ಆಗಲೇ ಅವಳಿಗೆ ಗೊತ್ತಿದ್ದ ಕಡೇ ನುಡಿಗೆ ಬಂದಿತ್ತು.

ಬೇರೆ ಯಾವ ದಿನವಾದರೂ ಅವಳು ಇದನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲವೇನೋ. ಆದರೆ ಇವತ್ತು ಒಳಗೆ ಮಗಳು ಮುನಿಕೃಷ್ಣಮ್ಮ ನೋವು ತಿನ್ನುತ್ತಿದ್ದಳು.

ಅದು ಮೂರನೇ ಬಸಿರು. ಮೊದಲಿನ ಎರಡು ಕೂಸುಗಳೂ ದಿನ ತುಂಬಿಯೇ ಹುಟ್ಟಿದ್ದವು, ಕೈಕಾಲು ಮುಖ ಮೂಗು ಎಲ್ಲ ಚೆನ್ನಾಗಿಯೇ ಇದ್ದವು. ಅಳಲಿಲ್ಲ, ಅಷ್ಟೇ. ಈ ಸಲ ಬಸಿರು ನಿಂತಿತೆಂದು ತಿಳಿದ ದಿನವೇ ಮುನಿಶಾಮಮ್ಮ ತನ್ನೂರು ಜಕ್ಕೂರಿನ ಆಂಜನೇಯನ ಮುಂದೆ ಸೆರಗೊಡ್ಡಿ ನಿಂತಿದ್ದಳು. ಪ್ರತಿ ಶನಿವಾರ ದೀಪ ಹಚ್ಚುವ ಹೊತ್ತಿಗೆ ಭಜನೆಯಲ್ಲಿ ಈ ಹಾಡು ಹೇಳುತ್ತೇನೆ, ಒಂದಕ್ಷರ ಬಿಡದೆ ಹೇಳುತ್ತೇನೆ, ಕೂಸು ಅಳುವ ಹಾಗೆ ಮಾಡಪ್ಪ ಎಂದು ಹರಕೆ ಹೊತ್ತಿದ್ದಳು. ಹೇಳಿಯೂ ಇದ್ದಳು. ಗಂಟಲು ಕಟ್ಟಿದ ವಾರ ಕಾಳುಮೆಣಸಿನ ಕಷಾಯ ಕುಡಿದು ಹೇಳಿದ್ದಳು. ಈಗ ನೋಡಿದರೆ ಒಂದಕ್ಷರ ಏನು ಬಂತು, ಒಂದು ನುಡಿಗೆ ನುಡಿಯೇ ಬಿಟ್ಟುಹೋಗಿತ್ತು.

ಹಾಗೆ ನೋಡಿದರೆ ಅದು ಸಿನಿಮಾ ಹಾಡು. ಭಜನೆಯ ಗಂಡಸರು ಮೊದಮೊದಲು ಮುಖ ಸಿಂಡರಿಸಿಕೊಂಡಿದ್ದರು. ಆ ಸಿನಿಮಾವನ್ನು ಮುನಿಶಾಮಮ್ಮ ಕಂಡವಳಲ್ಲ. ಅವಳಿಗೆ ಹಾಡು ಬಂದದ್ದು ಖಾದರ್ ಬಾಷಾನ ಮೈಕ್ ಸೆಟ್ಟಿನಿಂದ. ಯಲಹಂಕದ ಸುತ್ತಮುತ್ತ ಎಲ್ಲಿ ರಾಮನವಮಿಯಾಗಲಿ, ಮದುವೆಯಾಗಲಿ, ಖಾದರ್ ಬಾಷಾ ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡು ಬಂದು ಮರಕ್ಕೆ ಧ್ವನಿವರ್ಧಕದ ಹಾರನ್ನು ಕಟ್ಟಿ ಮೊದಲು ಹಾಕುತ್ತಿದ್ದ ಗ್ರಾಮಫೋನ್ ಪ್ಲೇಟು ಇದೇ. ಅದು ಕೇಳದೆ ಜಕ್ಕೂರಿನಲ್ಲಿ ಮಂಗಳಾರತಿ ತಟ್ಟೆ ಮೇಲೇಳುತ್ತಿರಲಿಲ್ಲ. ಹಾಡು 'ಕೈಯ ಮರೆ ಮಾಡಯ್ಯ' ಎಂದು ಮೂರು ಸಲ ಅನ್ನುತ್ತಿತ್ತು. ಆಗ ಪೆಟ್ಟಿಗೆಯ ಪಕ್ಕ ಕೂತ ಖಾದರ್ ಬಾಷಾ ಬಲಗೈ ಎತ್ತಿ, ಒಂದು ಗಳಿಗೆ ಹಾಗೇ ಹಿಡಿದು, ಮೆಲ್ಲಗೆ ಇಳಿಸುತ್ತಿದ್ದ. ಅಷ್ಟು ಹೊತ್ತು ಊರೆಲ್ಲ ನಿಶ್ಶಬ್ದ. ಆಮೇಲೆ 'ಮೂಡಲಲಿ ಬೆಳಕಾಯ್ತು, ಬಾಗಿಲ ತೆಗೆಯಮ್ಮ' ಎಂದು ಕಡೇ ನುಡಿ. ಜಕ್ಕೂರಿನ ಹೆಂಗಸರು ಅದನ್ನು ಕಂಡಂತೆಯೇ ಕಲಿತರು. ಮೂರು ಸಲ ಹೇಳುವುದು, ದೀಪಕ್ಕೆ ಮರೆ ಹಿಡಿದಂತೆ ಬಲಗೈ ಎತ್ತುವುದು, ಸುಮ್ಮನಿರುವುದು, ಇಳಿಸುವುದು. ಆ ಸುಮ್ಮನಿರುವ ಹೊತ್ತಿನಲ್ಲೇ ದೇವರು ಬರುತ್ತಾನೆ ಎಂದು ಮುನಿಶಾಮಮ್ಮನ ವಾರಗಿತ್ತಿ ಮಾರಕ್ಕ ಹೇಳುತ್ತಿದ್ದಳು.

ಮುನಿಶಾಮಮ್ಮ ರಸ್ತೆ ದಾಟಿ ಹೋಟೆಲಿನ ಗಲ್ಲಾದ ಮುಂದೆ ನಿಂತಳು.

"ಅಣ್ಣಾ, ಈಗ ಬಂತಲ್ಲ ಆಡು, ಇನ್ನೊಂದ್ ಕಿತ ಆಕಣ್ಣ."

"ಅದು ರೇಡಿಯೋ ಕಣಮ್ಮ. ಅವರು ಹಾಕ್ತಾರೆ, ನಾವು ಕೇಳ್ತೀವಿ."

"ನಡುವೆ ಒಂದು ನುಡಿ ಬಂತಲ್ಲ, ಎಣ್ಣೆ ಬತ್ತಿ ಅಂತ. ಅದು ನಿಮ್ಗೆ ಬತ್ತದಾ?"

"ನಂಗೆ ದೋಸೆ ಎಷ್ಟು ಹೋಯ್ತು ಅಂತ ಹೇಳೋಕೆ ಬರುತ್ತಮ್ಮ, ಹಾಡು ಬರಲ್ಲ."

ಅವಳು ಆಸ್ಪತ್ರೆಗೆ ವಾಪಸು ಬಂದು ಬಾಗಿಲಲ್ಲಿ ಇಣುಕಿದಳು. ನರ್ಸಮ್ಮ ಅವಳನ್ನು ಬೆಳಗಿನಿಂದ ಸಾಕಷ್ಟು ಸಲ ಆಚೆಗೆ ಕಳಿಸಿದ್ದಳು.

"ಇನ್ನೂ ಹೊತ್ತಿದೆ ಅಂದ್ನಲ್ಲಮ್ಮ. ಇಲ್ಲಿ ಕೂತು ನನ್ನ ತಲೆ ತಿನ್ನೋ ಬದಲು ಒಂದು ಲೋಟ ಕಾಫಿ ಕುಡ್ಕೊಂಡು ಬನ್ನಿ, ಹೋಗಿ."

"ಅವ್ವಾ," ಎಂದು ಒಳಗಿಂದ ಮಗಳು ಕರೆದಳು. "ಎಲ್ಗೋಯ್ತೀಯ?"

"ಎಲ್ಗೂ ಇಲ್ಲ ಮಗಾ. ಇಂಗೋಗಿ ಅಂಗ್ ಬಂದ್ಬುಡ್ತೀನಿ," ಎಂದವಳೇ ಮುನಿಶಾಮಮ್ಮ ಸಂತೆಬೀದಿಯ ಕಡೆ ಬಿರಬಿರನೆ ನಡೆದಳು. ಸೂರ್ಯ ಆಗಲೇ ಇಳಿಮುಖವಾಗಿದ್ದ. ಇವತ್ತು ಶನಿವಾರ. ದೀಪ ಹಚ್ಚುವ ಹೊತ್ತಿಗೆ ಆ ನುಡಿ ಸಿಕ್ಕದಿದ್ದರೆ ಏನು ಹೇಳುವುದೆಂದು ಅವಳಿಗೆ ತೋಚಲಿಲ್ಲ. ಸುಳ್ಳು ಹರಕೆಗೆ ದೇವರು ಏನು ಮಾಡುತ್ತಾನೆಂದು ಯೋಚಿಸುತ್ತ ಇನ್ನಷ್ಟು ಬಿರುಸಾಗಿ ಹೆಜ್ಜೆ ಹಾಕಿದಳು.

ಖಾದರ್ ಬಾಷಾನ ಅಂಗಡಿಯೂ ಮನೆಯೂ ಒಂದೇ. ಮುಂದೆ ಹಾರನ್ನುಗಳು ತೂಗುಬಿದ್ದಿದ್ದವು, ಹಿಂದೆ ಪರದೆಯಾಚೆ ಅವನ ಹೆಂಡತಿ ಕುಲ್ಸುಮ್ ರೊಟ್ಟಿ ತಟ್ಟುತ್ತಿದ್ದಳು. ಅವನು ವೈರು ಸುತ್ತುತ್ತಿದ್ದವನು ಇವಳನ್ನು ಕಂಡು ಎದ್ದು ನಿಂತ.

"ಏನಕ್ಕ, ಇಷ್ಟು ದೂರ? ಮಗಳು ಹೆಂಗವ್ಳೆ?"

"ಆಸ್ಪತ್ರೆಯಾಗವ್ಳೆ. ಬಾಷಾ, ಆ ಆಡ್ನಾಗೆ ಇನ್ನೊಂದು ನುಡಿ ಐತಂತಲ್ಲೋ?"

ಖಾದರ್ ಬಾಷಾ ವೈರನ್ನು ಕೆಳಗಿಟ್ಟ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಬಂದಿದ್ದರೆ ಇಷ್ಟು ಹೊತ್ತಿಗೆ ಇನ್ನೂ ಎರಡು ಹಾರನ್ನು ಕೊಂಡಿರುತ್ತಿದ್ದ.

"ಇರ್ಬೇಕಕ್ಕ. ನಾನೂ ಕೇಳಿಲ್ಲ. ಪ್ಲೇಟಲ್ಲಿ ಗೀರು ಬಿದ್ದದೆ. ಬೆಂಗ್ಳೂರಲ್ಲಿ ಹಳೇದು ತಗೊಂಡಾಗ್ಲೇ ಹಂಗಿತ್ತು. ಅಲ್ಲಿಗೆ ಬಂದ್ರೆ ಮುಳ್ಳು ಸಿಕ್ಕೊಂಡು ಹೇಳಿದ್ದೇ ಹೇಳ್ತದೆ. ಎತ್ತಿ ಮುಂದಕ್ಕೆ ಇಟ್ಬಿಡ್ತೀನಿ."

"ಮತ್ತೆ ನೀನು ಕೈ ಎತ್ತೋದು?"

"ಮುಳ್ಳು ಎತ್ಬೇಕು ಅಂದ್ರೆ ಕೈ ಎತ್ಲೇಬೇಕಲ್ಲಕ್ಕ."

ಮುನಿಶಾಮಮ್ಮ ಹೊಸಿಲ ಮೇಲೆ ಕುಕ್ಕರಿಸಿದಳು. "ನಾವ್ ಅಷ್ಟು ಜನ ಎಂಗಸ್ರೂ ಎತ್ತೀವಲ್ಲೋ," ಅಂದಳು. ಅವನು ತಲೆ ತಗ್ಗಿಸಿದ. ಅದನ್ನು ಅವನು ರಾಮನವಮಿಯ ದಿನ ಕಣ್ಣಾರೆ ಕಂಡಿದ್ದ. ಗುಡಿಯೊಳಗೆ ಅಷ್ಟೂ ಕೈಗಳು ಒಟ್ಟಿಗೆ ಮೇಲೆದ್ದಾಗ ಅವನ ಮೈ ಜುಮ್ಮೆಂದಿತ್ತು. ಅದು ಬರೀ ಗೀರಿನಿಂದ ಆದದ್ದೆಂದು ಹೇಳಬೇಕೆಂದರೂ ಬಾಯಿ ಬಂದಿರಲಿಲ್ಲ.

"ಒಂದಕ್ಸರ ಬುಡಾಕಿಲ್ಲ ಅಂತ ದ್ಯಾವ್ರ ಮುಂದೆ ಬಾಯ್ಬಿಟ್ಟು ಏಳಿದ್ನಲ್ಲೋ. ಒಂದು ನುಡೀನೇ ನುಂಗ್ಕಂಡು ಕುಂತಿವ್ನಿ. ಇದಕ್ಕೇನಾದ್ರೂ ಕೂಸ್ಗೆ..." ಅವಳು ಪೆಟ್ಟಿಗೆಯ ಕಡೆ ಕೈ ತೋರಿಸಿದಳು. "ಎಂಗಾದ್ರೂ ಮಾಡಿ ಕೇಳ್ಸಪ್ಪ. ಒಂದೇ ಕಿತ ಸಾಕು, ನಾನು ಇಡ್ಕಂಡ್ಬುಡ್ತೀನಿ."

ಖಾದರ್ ಬಾಷಾ ಪ್ಲೇಟನ್ನು ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಬೆಳಕಿಗೆ ಹಿಡಿದಾಗ ಗೀರು ಕಂಡಿತು, ಬೆರಳುದ್ದ, ಬೆಕ್ಕು ಪರಚಿದ ಹಾಗೆ. ಅದನ್ನು ದಾಟಿಸುವ ಒಂದು ಉಪಾಯ ಅವನಿಗೆ ಗೊತ್ತಿತ್ತು. ಮುಳ್ಳಿನ ತಲೆಯ ಮೇಲೆ ತಾಮ್ರದ ಕಾಸಿಟ್ಟು ಭಾರ ಮಾಡಿದರೆ ಕೆಲವು ಪ್ಲೇಟು ಸಿಕ್ಕಿಕೊಳ್ಳದೆ ಓಡುತ್ತವೆ. ಕೆಲವು ಕೆಟ್ಟುಹೋಗುತ್ತವೆ. ಆ ಭಯಕ್ಕೇ ಅವನು ಇದರ ಮೇಲೆ ಯಾವತ್ತೂ ಕಾಸಿಟ್ಟಿರಲಿಲ್ಲ. ಇಂಥ ಪ್ಲೇಟು ಈಗ ಹುಡುಕಿದರೂ ಸಿಗುವುದಿಲ್ಲ, ಇದಿಲ್ಲದೆ ಅವನನ್ನು ಕರೆಯುವ ಊರುಗಳೂ ಕಡಿಮೆ. ಅವನು ಪರದೆಯ ಕಡೆ ಒಂದು ಸಲ ನೋಡಿದ. ಕುಲ್ಸುಮ್ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದ್ದಳು. "ಕಾಸಿಡಿ ಜೀ," ಅಂದಳು ಒಳಗಿಂದಲೇ.

ಅವನು ಕಾಸಿಟ್ಟು ಮುಳ್ಳನ್ನು ಬಿಟ್ಟ.

ಹಾಡಿನಲ್ಲಿ ಗಾಳಿ ಎದ್ದಿತು, ದೀಪ ಸಣ್ಣದಾಯಿತು. 'ಕೈಯ ಮರೆ ಮಾಡಯ್ಯ' ಎಂದು ಒಂದು ಸಲ ಬಂತು, ಮುಳ್ಳು ಗೀರಿಗೆ ತಾಗಿತು. ಸಿಕ್ಕಿಕೊಳ್ಳಲಿಲ್ಲ. 'ಎಣ್ಣೆ' ಎಂದಿತು. ಮುನಿಶಾಮಮ್ಮ ಅರ್ಧ ಎದ್ದಳು. ಅಷ್ಟರಲ್ಲಿ ಕರ್‍ರೆಂದು ಮುಳ್ಳು ಜಾರಿ, ಹಾಡಿನ ಮೇಲೆಲ್ಲ ಅಡ್ಡ ಗೀರೆಳೆದುಕೊಂಡು ಪ್ಲೇಟಿನ ನಡುವಿನ ಕಾಗದದವರೆಗೂ ಹೋಗಿ ನಿಂತಿತು. ಖಾದರ್ ಬಾಷಾ ಇನ್ನೊಂದು ಸಲ ಮೊದಲಿನಿಂದ ಇಟ್ಟು ನೋಡಿದ. ಈಗ 'ಗಾಳಿ' ಕೂಡ ಪೂರ್ತಿ ಬರಲಿಲ್ಲ.

"ಅಯ್ಯೋ, ನಿನ್ ಪ್ಲೇಟೂ ಆಳ್ ಮಾಡ್ಬುಟ್ನಲ್ಲಪ್ಪ," ಎಂದು ಮುನಿಶಾಮಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳಿಗೆ ಈಗ ನಿಜವಾಗಿ ಅಳು ಬಂತು.

"ಹೋಗ್ಲಿ ಬಿಡಕ್ಕ. ಹಳೇದು," ಅಂದ ಅವನು. ಅವನ ಮುಖ ಮಾತ್ರ ಬಾಡಿಹೋಗಿತ್ತು.

ಕುಲ್ಸುಮ್ ಹಿಟ್ಟಿನ ಕೈಯಲ್ಲೇ ಆಚೆ ಬಂದು ಅವಳ ಪಕ್ಕ ಕೂತಳು. ಆರು ಹೆತ್ತವಳು, ನಾಲ್ಕನ್ನು ಉಳಿಸಿಕೊಂಡವಳು. "ಅಕ್ಕಾ, ಇಷ್ಟು ವಾರ ಹೆಂಗೆ ಹೇಳಿದ್ರೋ ಇವತ್ತೂ ಹಂಗೇ ಹೇಳ್ರಿ," ಅಂದಳು. "ಇವತ್ತೊಂದು ದಿನ ಬೇರೆ ಥರ ಹೇಳಿದ್ರೆ, ಯಾರೋ ಬೇರೇವ್ರು ಕರೀತಾವ್ರೆ ಅಂದ್ಕೊಳ್ಳಲ್ವಾ ಅವನು?"

ಮುನಿಶಾಮಮ್ಮ ಅದನ್ನು ಸಮಾಧಾನಕ್ಕೆ ಹೇಳುವ ಮಾತು ಎಂದುಕೊಂಡಳು. ಹೊತ್ತಾಯಿತೆಂದು ಎದ್ದು ಹೊರಟಳು.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಎಣ್ಣೆಯೂ ಬತ್ತಿಯೂ ತಿರುಗುತ್ತಿದ್ದವು. ಗೊತ್ತಿರುವ ಅಷ್ಟನ್ನೇ ಸೇರಿಸಿ ಹೇಳಲೇ? ಅರ್ಧ ನುಡಿ ಹೇಳುವುದು ಎಂಜಲು ಎಡೆಯಿಟ್ಟಂತಲ್ಲವೇ? ಸುಮ್ಮನೆ ಇದ್ದುಬಿಟ್ಟರೆ? ಇಷ್ಟು ವಾರ ಹೇಳಿ ಈ ವಾರ ತಪ್ಪಿಸಿದರೆ ಅದಕ್ಕಿಂತ ಕೇಡಿದೆಯೇ? ಆಸ್ಪತ್ರೆ ಮುಟ್ಟಿದಾಗ ಮಗಳ ಕೂಗು ರಸ್ತೆಗೇ ಕೇಳುತ್ತಿತ್ತು. ಬಾಗಿಲು ಮುಚ್ಚಿತ್ತು. ಆಯಾ ಒಬ್ಬಳು ಬಿಸಿನೀರಿನ ಬಕೆಟ್ಟು ಹಿಡಿದು ಓಡಿದಳು. ಕೇಳಿದರೆ ಪಕ್ಕಕ್ಕೆ ಸರಿಯಮ್ಮ ಅಂತ ಹೇಳಿ ಹೋದಳು. ಅಳಿಯ ಕದಿರಪ್ಪನಿಗೆ ಜಾಲಹಳ್ಳಿ ಫ್ಯಾಕ್ಟರಿಯಲ್ಲಿ ಎರಡನೇ ಶಿಫ್ಟು. ಅವನು ಬರುವುದಕ್ಕೆ ರಾತ್ರಿಯಾಗುತ್ತದೆ. ಜಗಲಿಯ ಮೇಲೆ ಅವಳು ಒಬ್ಬಳೇ.

ಎದುರು ಹೋಟೆಲಿನವನು ದೇವರ ಪಟಕ್ಕೆ ದೀಪ ಹಚ್ಚಿ, ಊದುಬತ್ತಿಯನ್ನು ಗಲ್ಲಾಕ್ಕೂ ತೋರಿಸಿ ಒಳಗೆ ಹೋದ. ಜಕ್ಕೂರಿನಲ್ಲಿ ಮಾರಕ್ಕ ಈಗ ತಾಳ ಎತ್ತಿಕೊಂಡಿರುತ್ತಾಳೆ, ಹೆಂಗಸರು ಸೇರಿರುತ್ತಾರೆ. ಅವರಿಗೆ ಯಾವ ನುಡಿ ಬಿಟ್ಟದ್ದೂ ಗೊತ್ತಿಲ್ಲ. ಮುನಿಶಾಮಮ್ಮ ಹೆರಿಗೆ ಕೋಣೆಯ ಕಿಟಕಿಯ ಕೆಳಗೆ ಹೋಗಿ ಕೂತು, ಕಣ್ಣುಮುಚ್ಚಿ ಶುರುಮಾಡಿದಳು. ಗಾಳಿ, ದೀಪ, ತಂದೆ. ಆ ಜಾಗ ಹತ್ತಿರ ಬಂದಂತೆ ಏನು ಹೇಳಬೇಕೆಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಅವಳ ಬಾಯಿಗೆ ಮಾತ್ರ ಗೊತ್ತಿತ್ತು. ಕೈಯ ಮರೆ ಮಾಡಯ್ಯ, ಅಂದಿತು. ಕೈಯ ಮರೆ ಮಾಡಯ್ಯ. ಕೈಯ ಮರೆ ಮಾಡಯ್ಯ.

ಬಲಗೈ ತಾನಾಗಿಯೇ ಮೇಲೆದ್ದಿತು.

ಅದೇ ಹೊತ್ತಿಗೆ ಒಳಗೆ ಮಗಳ ಕೂಗು ನಿಂತುಹೋಯಿತು. ಹಿಂದೆ ಎರಡು ಸಲವೂ ಹೀಗೆಯೇ ಕೂಗು ನಿಂತಿತ್ತು, ಆಮೇಲೆ ಇಂಥದೇ ನಿಶ್ಶಬ್ದ, ಆಮೇಲೆ ಸೂಲಗಿತ್ತಿ ಆಚೆ ಬಂದು ಅವಳ ಮುಖ ನೋಡದೆ ಕೈ ತೊಳೆದಿದ್ದಳು. ಮುನಿಶಾಮಮ್ಮ ಕಣ್ಣು ತೆರೆಯಲಿಲ್ಲ. ಕೈ ಇಳಿಸಿದರೆ ಕಡೇ ನುಡಿ ಹೇಳಬೇಕು, 'ಮೂಡಲಲಿ ಬೆಳಕಾಯ್ತು' ಅನ್ನಬೇಕು. ಹೇಗೆ ಅನ್ನುವುದು? ಎತ್ತಿದ ಕೈಯನ್ನು ಹಾಗೇ ಹಿಡಿದಳು. ಕೈ ಸೋಲತೊಡಗಿತು, ಹಿಡಿದೇ ಇದ್ದಳು.

ಕುಲ್ಸುಮ್ ಕಟ್ಟಿಕೊಟ್ಟ ರೊಟ್ಟಿ ಹಿಡಿದು ಬಂದಿದ್ದ ಖಾದರ್ ಬಾಷಾ ಗೇಟಿನ ಹತ್ತಿರ ಸೈಕಲ್ಲಿಗೆ ಸ್ಟಾಂಡು ಹಾಕುತ್ತಿದ್ದವನು ಹಾಗೇ ನಿಂತ. ಆ ಕೈ ಯಾವ ಜಾಗದಲ್ಲಿ ನಿಂತಿದೆಯೆಂದು ಯಲಹಂಕದಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅದು ಅಷ್ಟು ಹೊತ್ತು ನಿಲ್ಲುವ ಜಾಗವಲ್ಲ. ಗೊತ್ತಿಲ್ಲದೆಯೇ ಅವನ ಬಲಗೈ ಕೂಡ ಮೇಲೆದ್ದು, ಎರಡು ಬೆರಳುಗಳ ನಡುವೆ ಇಲ್ಲದ ಮುಳ್ಳನ್ನು ಹಿಡಿದುಕೊಂಡು ಕಾಯತೊಡಗಿತು.

ಒಳಗೆ ಒಂದು ಪೆಟ್ಟಿನ ಸದ್ದಾಯಿತು, ಎಳೆಯ ಚರ್ಮದ ಮೇಲೆ ಬಿದ್ದ ಸಣ್ಣ ಪೆಟ್ಟು. ಮತ್ತೊಂದು. ಆಮೇಲೆ ಬೆಕ್ಕಿನ ಮರಿಯದೋ ಏನೋ ಎನ್ನುವಂಥ ತೆಳ್ಳನೆಯ ದನಿಯೊಂದು ಬಂದು, ಉಸಿರು ಎಳೆದುಕೊಂಡು, ಇಡೀ ಆಸ್ಪತ್ರೆಯೇ ಎದ್ದು ಕೂರುವಂತೆ ಅಳಲು ಹತ್ತಿತು.

ಗೇಟಿನ ಬಳಿ ಖಾದರ್ ಬಾಷಾ ತನ್ನ ಕೈಯನ್ನು ಮೆಲ್ಲಗೆ, ಪ್ಲೇಟಿಗೆ ನೋವಾಗದ ಹಾಗೆ ಇಳಿಸಿದ. ಕಿಟಕಿಯ ಕೆಳಗೆ ಮುನಿಶಾಮಮ್ಮನ ಕೈಯೂ ಇಳಿಯಿತು. ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಮುಳ್ಳು ಯಾವಾಗಲೂ ಇಳಿಯುತ್ತಿದ್ದ ಜಾಗದಿಂದಲೇ ಕಡೇ ನುಡಿ ಎತ್ತಿಕೊಂಡಳು.